ವಿಕೆಟ್ ಕೀಪರ್ ಕ್ಯಾಚರ್ ಆದ ಬಗೆ: ಕಲಬುರಗಿಯ ಒಂದು ಪ್ರಕರಣ ಅಧ್ಯಯನ

ಬೇಸ್‌ಬಾಲ್ ತಂಡ ಕಟ್ಟುವಾಗ ನಮ್ಮ ಕಡೆಯ ಶಾಲೆಗಳಲ್ಲಿ ಕ್ಯಾಚರ್‌ನನ್ನು, ಅಂದರೆ ಬ್ಯಾಟ್ಸ್‌ಮನ್‌ನ ಹಿಂದೆ ಕುಳಿತು ಚೆಂಡು ಹಿಡಿಯುವವನನ್ನು, ಆರಿಸುವ ರೀತಿ ಬಹುಮಟ್ಟಿಗೆ ಒಂದೇ. ಚೆಂಡೆಸೆಯುವ ಪಿಚರ್ ಜಾಗಕ್ಕೆ ಬಲವಾದ ತೋಳಿನ ಹುಡುಗನನ್ನು ಹುಡುಕುತ್ತೇವೆ, ಓಟಗಾರರು ಮುಟ್ಟಬೇಕಾದ ಬೇಸ್‌ಗಳಲ್ಲಿ ಮೊದಲನೆಯದಕ್ಕೆ ಎತ್ತರದವನನ್ನು ನಿಲ್ಲಿಸುತ್ತೇವೆ, ದೂರದ ಫೀಲ್ಡಿಂಗ್‌ಗೆ ಚೆನ್ನಾಗಿ ಓಡುವವರನ್ನು ಕಳಿಸುತ್ತೇವೆ. ಕೊನೆಗೆ ಉಳಿದ ಮಾಸ್ಕ್, ಎದೆಗವಚ, ಕಾಲಿನ ಪ್ಯಾಡುಗಳನ್ನು, ಕ್ರಿಕೆಟ್‌ನಲ್ಲಿ ಕೀಪಿಂಗ್ ಮಾಡುತ್ತಾನೆ ಎಂಬ ಒಂದೇ ಕಾರಣಕ್ಕೆ, ಯಾರೋ ಒಬ್ಬನ ಕೈಗೆ ಕೊಡುತ್ತೇವೆ. ಕಲಬುರಗಿಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿರುವ ನಾನೂ ಹೀಗೆಯೇ ಮಾಡಿದೆ. ಆ ರೀತಿ ಕ್ಯಾಚರ್ ಆದ ಹದಿನಾಲ್ಕು ವರ್ಷದ ಒಬ್ಬ ಹುಡುಗನಿಗೆ ಸುಮಾರು ಹನ್ನೊಂದು ತಿಂಗಳು ಪ್ರತ್ಯೇಕವಾಗಿ ಕಲಿಸಿದ ವಿವರವನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲ ಎರಡು ತಿಂಗಳು ನಾನು ಕಲಿಸಿದ್ದು ತಪ್ಪು ತುದಿಯಿಂದ. ಏನನ್ನು ಕಲಿಸಬೇಕು ಎಂಬುದು ನನಗೆ ಗೊತ್ತಿತ್ತು, ಯಾವುದನ್ನು ಮೊದಲು ಕಲಿಸಬೇಕು ಎಂಬುದು ಗೊತ್ತಿರಲಿಲ್ಲ. ಈ ಪ್ರಕರಣದಲ್ಲಿ ಬೇರೆ ಶಿಕ್ಷಕರಿಗೆ ಉಪಯೋಗವಾಗುವಂಥದ್ದು ಏನಾದರೂ ಇದ್ದರೆ ಅದು ಆ ಕ್ರಮದ ವಿಚಾರವೇ ಎಂದು ನಾನು ನಂಬಿದ್ದೇನೆ.

ಹುಡುಗ ಮತ್ತು ಮೈದಾನ

ಹುಡುಗನ ತಂದೆ ನಗರದಲ್ಲಿ ಟಂಟಂ ಆಟೊ ಓಡಿಸುತ್ತಾರೆ, ತಾಯಿ ಮನೆಯಲ್ಲಿ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಾರೆ. ಹುಡುಗ ಐದನೇ ತರಗತಿಯಿಂದಲೂ ಓಣಿಯ ಟೆನಿಸ್ ಬಾಲ್ ಕ್ರಿಕೆಟ್‌ನಲ್ಲಿ ಕೀಪರ್. ನಮ್ಮ ಊರಿನ ಮಕ್ಕಳಿಗೆ ಕೀಪಿಂಗ್ ಎಂದರೆ ಏನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕರ್ನಾಟಕಕ್ಕೆ ಆಡಿದ ಸೈಯದ್ ಕಿರ್ಮಾನಿ 88 ಟೆಸ್ಟ್‌ಗಳಲ್ಲಿ 160 ಕ್ಯಾಚ್ ಮತ್ತು 38 ಸ್ಟಂಪಿಂಗ್ ಮಾಡಿದ ಕಾಲದಿಂದ ಹಿಡಿದು ಕೆ.ಎಲ್. ರಾಹುಲ್ ಅವರವರೆಗೆ, ಸ್ಟಂಪಿನ ಹಿಂದೆ ಕುಳಿತವನ ಕೆಲಸವನ್ನು ಅವರು ರೇಡಿಯೊದಲ್ಲಿ ಕೇಳಿದ ಅಪ್ಪಂದಿರಿಂದಲೋ ಟಿವಿಯಿಂದಲೋ ಕಲಿತಿರುತ್ತಾರೆ. ಬೇಸ್‌ಬಾಲ್ ಕ್ಯಾಚರ್‌ನ ಕೆಲಸವನ್ನು ನೋಡಿ ಕಲಿಯಲು ಅವರಿಗೆ ಅಂಥ ದಾರಿ ಯಾವುದೂ ಇಲ್ಲ. ಭಾರತದ ಹುಡುಗರು ಬೇಸ್‌ಬಾಲ್‌ನಲ್ಲಿ ಹೆಸರು ಮಾಡಿದ ಉದಾಹರಣೆಯೆಂದು ನಾವು ಹೇಳುವ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಇಬ್ಬರೂ ಪಿಚರ್‌ಗಳು. ಮೂಲತಃ ಜಾವೆಲಿನ್ ಎಸೆಯುತ್ತಿದ್ದ ಅವರನ್ನು 2008ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಸೇರಿಸಿಕೊಂಡಿತು. ಚೆಂಡನ್ನು ಹಿಡಿದು ಆಟ ನಡೆಸುವವನ ಕಥೆ ನಮ್ಮ ಮಕ್ಕಳ ಕಿವಿಗೆ ಬಿದ್ದೇ ಇಲ್ಲ.

ನಮ್ಮ ಮೈದಾನದ ವಿಷಯವನ್ನೂ ಮೊದಲೇ ಹೇಳಬೇಕು, ಏಕೆಂದರೆ ಮುಂದೆ ಅದು ಅನೇಕ ಸಲ ಬರುತ್ತದೆ. ಕಲಬುರಗಿಯ ನೆಲ ಎರೆಮಣ್ಣಿನದು. ಮಳೆಗಾಲದಲ್ಲಿ ಬೂಟಿಗೆ ಹತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಾಯಿಬಿಡುತ್ತದೆ. ಮೈದಾನದ ಒಂದು ಭಾಗಕ್ಕೆ ಮುರುಮು ಹಾಕಿ ರೋಲರ್ ಎಳೆದಿದ್ದೇವೆ, ಉಳಿದದ್ದು ಬರಿಯ ಎರೆಭೂಮಿ. ಒಂದೇ ಎಸೆತ ಮುರುಮಿನ ಮೇಲೆ ಬಿದ್ದರೆ ಎದೆಯ ಎತ್ತರಕ್ಕೆ ಹಾರುತ್ತದೆ, ಎರೆಯ ಬಿರುಕಿಗೆ ಬಿದ್ದರೆ ಪಕ್ಕಕ್ಕೆ ಸಿಡಿಯುತ್ತದೆ.

ಆಗಸ್ಟ್ ತಿಂಗಳಲ್ಲಿ ನಡೆದ ಒಂದು ಪಂದ್ಯದಲ್ಲಿ ನಮ್ಮ ತಂಡ ದೊಡ್ಡ ಅಂತರದಿಂದ ಸೋತಿತು. ಎದುರಾಳಿಗಳು ಚೆಂಡನ್ನು ಚೆನ್ನಾಗಿ ಹೊಡೆದು ಗೆಲ್ಲಲಿಲ್ಲ. ಅವರ ಓಟಗಾರರು ಮೊದಲ ಬೇಸ್‌ನಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ ಮನಸ್ಸಿಗೆ ಬಂದಂತೆ ಕದ್ದು, ಅಂದರೆ ಬ್ಯಾಟ್‌ಗೆ ಚೆಂಡು ತಗಲದಿದ್ದರೂ ಪಿಚರ್ ಎಸೆಯುವ ಹೊತ್ತಿಗೇ, ಓಡಿದರು, ಕ್ಯಾಚರ್‌ನ ಕೈತಪ್ಪಿ ಹಿಂದಕ್ಕೆ ಹೋದ ಚೆಂಡುಗಳಲ್ಲಿ, ಬ್ಯಾಟ್ಸ್‌ಮನ್ ನಿಲ್ಲುವ ಹೋಮ್ ಪ್ಲೇಟ್‌ಗೆ ನಡೆದೇ ಬಂದು ಓಟ ಗಳಿಸಿದರು. ಹೊಡೆಯಬಹುದಾದ ಎಸೆತವನ್ನು ಬ್ಯಾಟ್ಸ್‌ಮನ್ ಹೊಡೆಯದೆ ಹೋದರೆ ಅದು ಸ್ಟ್ರೈಕ್, ಮೂರು ಸ್ಟ್ರೈಕ್‌ಗೆ ಅವನು ಔಟ್. ಆದರೆ ಮೂರನೇ ಸ್ಟ್ರೈಕ್ ಆದರೂ ಕ್ಯಾಚರ್ ಚೆಂಡನ್ನು ನೇರವಾಗಿ ಹಿಡಿಯದಿದ್ದರೆ, ಮೊದಲ ಬೇಸ್ ಖಾಲಿ ಇದ್ದಾಗ ಅಥವಾ ಇಬ್ಬರು ಔಟಾಗಿದ್ದಾಗ ಬ್ಯಾಟ್ಸ್‌ಮನ್ ಮೊದಲ ಬೇಸ್‌ಗೆ ಓಡಬಹುದು ಎಂಬ ನಿಯಮವಿದೆ. ಆ ದಿನ ನಮ್ಮ ಪಿಚರ್ ದುಡಿದು ಗಳಿಸಿದ ಸ್ಟ್ರೈಕ್‌ಔಟ್‌ಗಳು ಹೀಗೆ ಕೈಯಿಂದ ಜಾರಿಹೋದವು. ಪಂದ್ಯ ಮುಗಿದ ಮೇಲೆ ಹುಡುಗ ಮಾಸ್ಕ್ ತೆಗೆಯಲಿಲ್ಲ, ಅದನ್ನು ಹಾಕಿಕೊಂಡೇ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖಮಾಡಿ ಕುಳಿತಿದ್ದ.

ತಪ್ಪು ತುದಿ

ಓಟಗಾರರು ಬೇಸ್ ಕದ್ದದ್ದೇ ಎಲ್ಲರ ಕಣ್ಣಿಗೆ ಬಿದ್ದಿತ್ತು, ಆದ್ದರಿಂದ ನಾನು ಎಸೆತದಿಂದ ಆರಂಭಿಸಿದೆ. ಪೂರ್ಣ ಪ್ರಮಾಣದ ಮೈದಾನದಲ್ಲಿ ಬೇಸ್‌ಗಳ ನಡುವಿನ ಅಂತರ 90 ಅಡಿ, ಹೋಮ್ ಪ್ಲೇಟ್‌ನಿಂದ ಎರಡನೇ ಬೇಸ್‌ಗೆ ಓರೆಯಾಗಿ 127 ಅಡಿಗೂ ತುಸು ಹೆಚ್ಚು, ಅಂದರೆ ಸುಮಾರು 38.8 ಮೀಟರ್. ಚೆಂಡು ಕ್ಯಾಚರ್‌ನ ದಪ್ಪ ಗ್ಲೌಸ್‌ಗೆ, ಅಂದರೆ ಮಿಟ್‌ಗೆ ಬಡಿದ ಸದ್ದಿನಿಂದ ಎರಡನೇ ಬೇಸ್‌ನಲ್ಲಿರುವ ಆಟಗಾರನ ಗ್ಲೌಸ್‌ಗೆ ಬಡಿಯುವ ಸದ್ದಿನವರೆಗಿನ ಕಾಲವನ್ನು ‘ಪಾಪ್ ಟೈಮ್’ ಎನ್ನುತ್ತಾರೆ. ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನ ಕ್ಯಾಚರ್‌ಗಳಲ್ಲಿ ಇದು ಸರಾಸರಿ 2 ಸೆಕೆಂಡಿನ ಆಸುಪಾಸಿನಲ್ಲಿರುತ್ತದೆ. ನಾನು ಸ್ಟಾಪ್‌ವಾಚ್ ಹಿಡಿದು ನಿಂತೆ, ಹುಡುಗ ದಿನಕ್ಕೆ ನಲವತ್ತು ಐವತ್ತು ಸಲ ಆ ದೂರಕ್ಕೆ ಎಸೆದ. ಅಷ್ಟು ದೂರ ಮುಟ್ಟಿಸಲು ಚೆಂಡನ್ನು ಮೇಲಕ್ಕೆ ತೂರುವುದನ್ನು ರೂಢಿಸಿಕೊಂಡ, ಮುಟ್ಟಿಸುವ ಅವಸರದಲ್ಲಿ ಹಿಡಿಯುವ ಮುನ್ನವೇ ಎಸೆಯಲು ಏಳತೊಡಗಿದ. ದಸರಾ ಹೊತ್ತಿಗೆ ಅವನ ಎಸೆತ ಸುಧಾರಿಸಿರಲಿಲ್ಲ, ಹಿಡಿತ ಮೊದಲಿಗಿಂತ ಕೆಟ್ಟಿತ್ತು.

ಹುಡುಗನ ತೋಳಿನಲ್ಲಿ ಶಕ್ತಿ ಸಾಲದು ಎಂದು ನಾನು ಭಾವಿಸಿದ್ದೆ. ದಸರಾ ರಜೆಯಲ್ಲಿ, ಎಸೆಯುವಾಗಿನ ಅವನ ಕಾಲಿನ ಚಲನೆಯನ್ನು ನೋಡಲೆಂದು ನೆಟ್‌ನ ಹಿಂದಿನಿಂದಲೂ ಎದುರಿನಿಂದಲೂ ಮೊಬೈಲ್‌ನಲ್ಲಿ ನಿಧಾನಗತಿಯ ವಿಡಿಯೊ ತೆಗೆದೆ. ಕಾಲನ್ನು ನೋಡಲು ತೆಗೆದ ಆ ವಿಡಿಯೊದಲ್ಲಿ ನನಗೆ ಕಂಡದ್ದು ಅವನ ಕಣ್ಣು. ಬ್ಯಾಟ್ಸ್‌ಮನ್ ಬ್ಯಾಟ್ ಬೀಸಿದ ಕ್ಷಣದಲ್ಲಿ ಅವನು ಕಣ್ಣು ಮುಚ್ಚುತ್ತಿದ್ದ, ಗದ್ದ ಎಡಕ್ಕೆ ಹೊರಳುತ್ತಿತ್ತು, ಚೆಂಡು ಮಿಟ್‌ಗೆ ಬರುವಾಗ ಅವನು ಅದನ್ನು ನೋಡುತ್ತಲೇ ಇರಲಿಲ್ಲ. ಬ್ಯಾಟ್ಸ್‌ಮನ್ ಇಲ್ಲದ ಅಭ್ಯಾಸದಲ್ಲಿ ಇದು ಆಗುತ್ತಿರಲಿಲ್ಲ, ಎರಡು ತಿಂಗಳು ನಾವು ಬ್ಯಾಟ್ಸ್‌ಮನ್ ಇಲ್ಲದೆಯೇ ಅಭ್ಯಾಸ ಮಾಡಿದ್ದೆವು. ವಿಡಿಯೊ ತೋರಿಸಿ ಕೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ:

“ಚೆಂಡು ಬರೂದು ಕಾಣಸ್ತದ್ರಿ ಸರ್. ಬ್ಯಾಟ್ ಬೀಸಿದ್ ಕೂಡ್ಲೆ ಕಣ್ಣು ತಾನಾ ಮುಚ್ಕೋತದ್ರಿ.”

ಈ ಒಂದು ಮಾತಿನಿಂದ ನನ್ನ ಯೋಜನೆಯೆಲ್ಲ ತಲೆಕೆಳಗಾಯಿತು. ಕಾಣದ ಚೆಂಡನ್ನು ಹಿಡಿಯಲಾಗದು, ಹಿಡಿಯದ ಚೆಂಡನ್ನು ಎಸೆಯಲಾಗದು. ಕೀಪರ್ ಆಗಿದ್ದವನಿಗೆ ಈ ಭಯ ಹೇಗೆ ಬಂತು ಎಂಬ ಪ್ರಶ್ನೆ ಸಹಜ. ಕ್ರಿಕೆಟ್‌ನಲ್ಲಿ ವೇಗದ ಬೌಲರ್ ಎಸೆಯುವಾಗ ಕೀಪರ್ ಹಲವು ಮೀಟರ್ ಹಿಂದೆ ನಿಂತಿರುತ್ತಾನೆ. ನಿಧಾನದ ಬೌಲಿಂಗ್‌ಗೆ ಮಾತ್ರ ಸ್ಟಂಪ್‌ಗೆ ಹತ್ತಿರ ಬರುತ್ತಾನೆ. ಕ್ಯಾಚರ್‌ಗೆ ಅಂಥ ಆಯ್ಕೆಯಿಲ್ಲ. 60 ಅಡಿ 6 ಅಂಗುಲ ದೂರದಿಂದ ಬರುವ ಅತಿ ವೇಗದ ಚೆಂಡಿಗೂ ಅವನು ಬ್ಯಾಟ್‌ನ ಬೆನ್ನಿಗೇ ಕೂರಬೇಕು, ಬ್ಯಾಟ್ ಅವನ ಮಾಸ್ಕ್‌ನ ಮುಂದೆಯೇ ಹಾದುಹೋಗುತ್ತದೆ. ಟೆನಿಸ್ ಬಾಲ್‌ನಲ್ಲಿ ಬೆಳೆದ ಹುಡುಗನಿಗೆ 142ರಿಂದ 149 ಗ್ರಾಂ ತೂಕದ ಗಟ್ಟಿ ಚೆಂಡೂ ಹೊಸದು. ಅವನ ಭಯದಲ್ಲಿ ಅಸಹಜವಾದದ್ದು ಏನೂ ಇರಲಿಲ್ಲ, ಅದನ್ನು ಎರಡು ತಿಂಗಳು ಗಮನಿಸದೆ ಹೋದದ್ದು ನನ್ನ ದೋಷ.

ಕಣ್ಣು

ಮರುವಾರ ಅವನ ತಾಯಿ ಶಾಲೆಗೆ ಬಂದರು. ಮಗ ಮನೆಯಲ್ಲಿ ಹೇಳಿಕೊಂಡಿದ್ದನೆಂದು ಕಾಣುತ್ತದೆ. “ಸರ, ಮಾರಿಗಿ ಪೆಟ್ಟು ಬಿದ್ರ ಹೆಂಗ್ರಿ? ಇರಾವ ಒಬ್ಬನೇ ಗಂಡ್ಮಗ ಅದಾನ್ರಿ” ಎಂದರು. ಅವರ ಮಾತಿಗೆ ಬಾಯಿಮಾತಿನ ಸಮಾಧಾನ ಸಾಲದು ಎನಿಸಿತು. “ಅಕ್ಕಾ, ಒಂದ್ ತಾಸು ಕೂತು ನೋಡ್ರಿ, ಆಮ್ಯಾಲ ನೀವು ಹೇಳಿದಂಗ ಮಾಡೂಣು” ಎಂದು ಬೇವಿನ ಮರದ ಕೆಳಗಿನ ಫರಸಿ ಕಟ್ಟೆಯ ಮೇಲೆ ಅವರನ್ನು ಕೂರಿಸಿದೆ.

ಮಾಸ್ಕ್ ಅನ್ನು ನಾನೇ ಹಾಕಿಕೊಂಡು ಕುಳಿತೆ. ಹುಡುಗನ ಕೈಗೆ ಟೆನಿಸ್ ಚೆಂಡುಗಳ ಬುಟ್ಟಿ ಕೊಟ್ಟು, ಹತ್ತು ಹೆಜ್ಜೆ ದೂರದಿಂದ ನೇರವಾಗಿ ನನ್ನ ಮುಖಕ್ಕೆ ಎಸೆಯಲು ಹೇಳಿದೆ. ಮೊದಲ ನಾಲ್ಕೈದು ಚೆಂಡುಗಳನ್ನು ಅವನು ಬೇಕೆಂದೇ ಪಕ್ಕಕ್ಕೆ ಹಾಕಿದ. ಆಮೇಲೆ ಒಂದು ಸರಿಯಾಗಿ ಮಾಸ್ಕ್‌ನ ಸರಳುಗಳಿಗೆ ಬಡಿದು ಕೆಳಗೆ ಬಿತ್ತು. ನಾನು ಕಣ್ಣು ತೆರೆದೇ ಇದ್ದೆನೆಂದು ಅವನಿಗೆ ಹತ್ತಿರದಿಂದ ತೋರಿಸಿದೆ. ಅನಂತರ ಜಾಗ ಅದಲುಬದಲಾಯಿತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಗದ್ದವನ್ನು ಎದೆಗೆ ತಗ್ಗಿಸಿ, ಮೆಲ್ಲನೆ ಎಸೆದ ಟೆನಿಸ್ ಚೆಂಡು ಮಾಸ್ಕ್‌ಗೆ ಬಡಿಯುವವರೆಗೂ ಅದನ್ನು ನೋಡುತ್ತಿರುವುದಷ್ಟೇ ಅವನ ಕೆಲಸ. ಮುಖವನ್ನು ಪಕ್ಕಕ್ಕೆ ತಿರುಗಿಸಿದರೆ ಮಾಸ್ಕ್ ಕಾಯದ ಕಿವಿ, ಕುತ್ತಿಗೆಯ ಬದಿಗಳು ಚೆಂಡಿಗೆ ಎದುರಾಗುತ್ತವೆ, ನೇರವಾಗಿ ನೋಡುವವನೇ ಹೆಚ್ಚು ಸುರಕ್ಷಿತ. ಈ ಮಾತನ್ನು ನಾನು ಮೊದಲೂ ಹತ್ತಾರು ಸಲ ಹೇಳಿದ್ದೆ, ಆದರೆ ಆ ಬೆಳಿಗ್ಗೆ ಅವನ ಮೈಗೆ ಅದು ತಿಳಿಯಿತು. ತಾಯಿ ಕೊನೆಗೆ ಎದ್ದು ಬಂದು ಮಾಸ್ಕ್ ಅನ್ನು ಕೈಯಲ್ಲಿ ಹಿಡಿದು ಸರಳುಗಳನ್ನು ಬೆರಳಿನಿಂದ ಒತ್ತಿ ನೋಡಿ, ಗಂಟಲಿನ ಕಾಪು ಇಲ್ಲವೇ ಎಂದು ಕೇಳಿದರು. ನಮ್ಮ ಮಾಸ್ಕ್‌ನ ಆ ತುಂಡು ಹಿಂದಿನ ವರ್ಷವೇ ಮುರಿದುಹೋಗಿತ್ತು. ಅವರು ಕೇಳಿದ್ದು ನೂರಕ್ಕೆ ನೂರು ಸರಿಯಾಗಿತ್ತು, ಹೊಸದು ಬರುವ ತನಕ ಗಟ್ಟಿ ಚೆಂಡನ್ನು ಮುಟ್ಟಲಿಲ್ಲ.

ಮುಂದಿನ ಮೂರು ವಾರ ಕಣ್ಣಿನ ಅಭ್ಯಾಸವೇ. ಟೆನಿಸ್ ಚೆಂಡುಗಳ ಮೇಲೆ ಕೆಂಪು, ಹಸಿರು, ಕಪ್ಪು ಚುಕ್ಕೆಗಳನ್ನಿಟ್ಟೆವು. ಚೆಂಡು ಮಿಟ್ ಸೇರುವ ಮೊದಲು ಅವನು ಬಣ್ಣವನ್ನು ಕೂಗಿ ಹೇಳಬೇಕು. ಅದು ಸಲೀಸಾದ ಮೇಲೆ ಇನ್ನೊಬ್ಬ ಹುಡುಗನನ್ನು ಬ್ಯಾಟ್ ಹಿಡಿಸಿ ನಿಲ್ಲಿಸಿ, ಚೆಂಡನ್ನು ಹೊಡೆಯದೆ ಅದರ ಮೇಲಿಂದ ಬೀಸಲು ಹೇಳಿದೆ. ಮೊದಲು ನಿಧಾನವಾಗಿ, ಆಮೇಲೆ ಪೂರ್ತಿ ಬಲದಿಂದ. ಕಣ್ಣು ಮುಚ್ಚುವುದು ಒಂದೇ ದಿನಕ್ಕೆ ನಿಲ್ಲಲಿಲ್ಲ. ಪ್ರತಿ ಶನಿವಾರ ವಿಡಿಯೊ ತೆಗೆದು ಅವನೇ ಎಣಿಸುತ್ತಿದ್ದ. ನವೆಂಬರ್ ಮೊದಲ ವಾರದಲ್ಲಿ, ಕನ್ನಡ ರಾಜ್ಯೋತ್ಸವದ ರಜೆ ಕಳೆದ ಮೇಲೆ ಗಟ್ಟಿ ಚೆಂಡಿಗೆ ಬಂದೆವು.

ಕೈ

ಇಲ್ಲಿ ಕೀಪಿಂಗ್‌ನ ಒಳ್ಳೆಯ ರೂಢಿಗಳೇ ಅಡ್ಡಿಯಾದವು, ಮತ್ತು ಈ ಪ್ರಕರಣದಲ್ಲಿ ನನಗೆ ಅತ್ಯಂತ ಆಸಕ್ತಿ ಹುಟ್ಟಿಸಿದ ಭಾಗವೂ ಇದೇ. ಕೀಪರ್‌ಗೆ ನಾವು ಕಲಿಸುವ ಮೊದಲ ಪಾಠ, ಚೆಂಡು ಪುಟಿದಂತೆ ಅದರ ಜೊತೆಗೇ ಏಳಬೇಕು ಎಂಬುದು. ಎರಡನೆಯದು, ಎರಡೂ ಕೈಗಳಿಂದ ಹಿಡಿಯಬೇಕು. ಮೂರನೆಯದು, ಚೆಂಡು ಕೈಸೇರುವಾಗ ಕೈಗಳನ್ನು ಹಿಂದಕ್ಕೆ ಬಿಟ್ಟುಕೊಟ್ಟು ಅದರ ವೇಗವನ್ನು ಹೀರಿಕೊಳ್ಳಬೇಕು. ಈ ಮೂರನ್ನೂ ಹುಡುಗ ಚೆನ್ನಾಗಿ ಕಲಿತಿದ್ದ, ಆದರೆ ಹೋಮ್ ಪ್ಲೇಟ್‌ನ ಹಿಂದೆ ಮೂರೂ ತಿರುಗುಬಾಣವಾದವು. ಬೇಸ್‌ಬಾಲ್‌ನಲ್ಲಿ ಚೆಂಡು ನೆಲ ಮುಟ್ಟದೆ ಬರುತ್ತದೆ, ಬರುವ ಮೊದಲೇ ಎದ್ದರೆ ಕೆಳಗಿನ ಎಸೆತ ಕಾಲ ಸಂದಿಯಲ್ಲಿ ಹಾದುಹೋಗುತ್ತದೆ, ಹಿಂದೆ ನಿಂತ ಅಂಪೈರ್‌ಗೆ ಚೆಂಡೂ ಕಾಣುವುದಿಲ್ಲ. ಕೀಪರ್‌ಗೆ ಎರಡು ಕೈಗೂ ಗ್ಲೌಸ್ ಇರುತ್ತದೆ. ಕ್ಯಾಚರ್‌ಗೆ ಎಡಗೈಯಲ್ಲಿ ಮಾತ್ರ ದಪ್ಪನೆಯ ಮಿಟ್ ಇರುತ್ತದೆ, ಎಸೆಯುವ ಬಲಗೈ ಬರಿದು. ಬ್ಯಾಟ್‌ಗೆ ಸವರಿ ದಿಕ್ಕು ಬದಲಿಸಿದ ಚೆಂಡು ಆ ಬರಿಗೈಯ ಬೆರಳಿಗೆ ಬಡಿದರೆ ಮೂಳೆ ಮುರಿಯುತ್ತದೆ. ಅಮೆರಿಕದ ಸಿನ್ಸಿನಾಟಿ ರೆಡ್ಸ್ ತಂಡದ ಜಾನಿ ಬೆಂಚ್ ಅವರಂಥ ಕ್ಯಾಚರ್‌ಗಳು 1960ರ ದಶಕದ ಕೊನೆಯಿಂದ ಒಂದೇ ಕೈಯಲ್ಲಿ ಹಿಡಿಯುತ್ತ, ಬಲಗೈಯನ್ನು ಬೆನ್ನ ಹಿಂದೆ ಮರೆಮಾಡುವ ರೀತಿಯನ್ನು ಜನಪ್ರಿಯಗೊಳಿಸಿದ್ದು ಇದೇ ಕಾರಣಕ್ಕೆ. ನಮ್ಮ ಹುಡುಗನ ಬಲಗೈ ಮಾತ್ರ ಪ್ರತಿ ಸಲ ಮಿಟ್‌ನ ಪಕ್ಕಕ್ಕೆ ಓಡಿಬರುತ್ತಿತ್ತು. ಕೊನೆಗೆ ಅವನ ಬಲಗೈಗೆ ಒಂದು ಕರವಸ್ತ್ರ ಕೊಟ್ಟು, ಅದನ್ನು ಬಲಗಾಲಿನ ಪ್ಯಾಡಿನ ಹಿಂದೆ ಮುಷ್ಟಿಯಲ್ಲಿ ಹಿಡಿದೇ ಇರಬೇಕು, ಬೀಳಿಸಬಾರದು ಎಂದೆ. ಈ ಸಣ್ಣ ಉಪಾಯ ನನ್ನ ದೊಡ್ಡ ವಿವರಣೆಗಳಿಗಿಂತ ಬೇಗ ಕೆಲಸ ಮಾಡಿತು.

ಕೈಯನ್ನು ಹಿಂದಕ್ಕೆ ಬಿಟ್ಟುಕೊಡುವ ರೂಢಿಯನ್ನು ಬಿಡಿಸಲು ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಸ್ಟ್ರೈಕ್ ಹೌದೋ ಅಲ್ಲವೋ ಎಂಬುದು ಚೆಂಡು ಪ್ಲೇಟ್‌ನ ಮೇಲೆ ಹಾದುಹೋಗುವ ಜಾಗದಿಂದ ನಿರ್ಣಯವಾಗುತ್ತದೆ ಎಂಬುದು ನಿಯಮ. ಆದರೆ ಅಂಪೈರ್ ಮನುಷ್ಯ. ಮೊಣಕಾಲಿನ ಎತ್ತರದಲ್ಲಿ ಸರಿಯಾಗಿ ಬಂದ ಚೆಂಡನ್ನು ಕ್ಯಾಚರ್ ಹಿಡಿದು ಕೆಳಕ್ಕೋ ಹೊರಕ್ಕೋ ಎಳೆದೊಯ್ದರೆ, ಅದು ಅಲ್ಲಿಗೇ ಬಂದಂತೆ ಕಾಣುತ್ತದೆ. ನಮ್ಮ ಹುಡುಗ ಒಳ್ಳೆಯ ಎಸೆತಗಳನ್ನು ತನ್ನ ಮೆತ್ತನೆಯ ಕೈಯಿಂದಲೇ ಕೆಡಿಸುತ್ತಿದ್ದ. ಕೆಳಗಿನ ಚೆಂಡಿಗೆ ಮಿಟ್ ಅನ್ನು ಮೊದಲೇ ತಗ್ಗಿಸಿಟ್ಟು ಕೆಳಗಿನಿಂದ ಮೇಲಕ್ಕೆ ಎದುರುಗೊಳ್ಳುವುದು, ಬದಿಯ ಚೆಂಡಿಗೆ ಹೊರಗಿನಿಂದ ಒಳಕ್ಕೆ ಬರುವುದು, ಹಿಡಿದಲ್ಲೇ ಕ್ಷಣ ಹೊತ್ತು ನಿಲ್ಲಿಸುವುದು, ಈ ಅಭ್ಯಾಸವನ್ನು ಮೊದಲು ಮಿಟ್ ಇಲ್ಲದೆ ಬರಿಗೈಯಲ್ಲಿ ಟೆನಿಸ್ ಚೆಂಡಿನಿಂದ, ಆಮೇಲೆ ಮಿಟ್‌ನಿಂದ ಮಾಡಿಸಿದೆ. “ಕೊಡಬ್ಯಾಡ, ನಿಲ್ಲಸು” ಎಂಬ ಎರಡು ಪದಗಳನ್ನು ಆ ತಿಂಗಳಲ್ಲಿ ನಾನು ಎಷ್ಟು ಸಲ ಹೇಳಿದೆನೆಂದರೆ ಉಳಿದ ಹುಡುಗರು ಪ್ರಾರ್ಥನೆಯ ಸಾಲಿನಲ್ಲೂ ಅದನ್ನು ಹೇಳತೊಡಗಿದ್ದರು.

ಕೀಪಿಂಗ್‌ನಿಂದ ಬಂದ ಒಳ್ಳೆಯದನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಅವನ ಸೊಂಟ ಸಡಿಲವಾಗಿತ್ತು, ಹಿಮ್ಮಡಿ ಊರಿ ಬಹಳ ಹೊತ್ತು ಕೂರಬಲ್ಲವನಾಗಿದ್ದ. ಪಕ್ಕಕ್ಕೆ ಸರಿಯುವ ಹೆಜ್ಜೆ ಚುರುಕಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಎಸೆತವೂ ತನ್ನ ಕೈಗೇ ಬರುತ್ತದೆ ಎಂಬಂತೆ ಎಚ್ಚರವಾಗಿರುವ ಸ್ವಭಾವ ಅವನಿಗೆ ಮೊದಲೇ ಬಂದಿತ್ತು. ಬೇರೆ ಜಾಗದಿಂದ ಬಂದ ಹುಡುಗನಿಗೆ ಅದನ್ನು ಕಲಿಸಲು ವರ್ಷ ಬೇಕಾಗುತ್ತಿತ್ತು.

ನೆಲಕ್ಕೆ ಬಿದ್ದ ಚೆಂಡು

ಡಿಸೆಂಬರ್‌ನಲ್ಲಿ ಬ್ಲಾಕಿಂಗ್ ಆರಂಭಿಸಿದೆವು. ಪ್ಲೇಟ್‌ಗೆ ಮುಂಚೆ ನೆಲಕ್ಕೆ ಬಿದ್ದು ಬರುವ ಚೆಂಡನ್ನು ಕ್ಯಾಚರ್ ಹಿಡಿಯಲು ಹೋಗಬಾರದು, ಮೈಯಿಂದ ತಡೆದು ತನ್ನ ಮುಂದೆಯೇ ಸಾಯಿಸಬೇಕು. ಮೊದಲು ಮಿಟ್ ನೆಲಕ್ಕೆ ಹೋಗಿ ಎರಡು ಮೊಣಕಾಲುಗಳ ನಡುವಿನ ಕಿಂಡಿಯನ್ನು ಮುಚ್ಚುತ್ತದೆ, ಅದರ ಹಿಂದೆಯೇ ಮೊಣಕಾಲುಗಳು ಇಳಿಯುತ್ತವೆ, ಭುಜಗಳು ಮುಂದಕ್ಕೆ ಬಾಗಿ ಎದೆ ಬೋಗುಣಿಯಂತೆ ಒಳಸರಿಯುತ್ತದೆ, ಗದ್ದ ಎದೆಗೆ ಅಂಟುತ್ತದೆ, ಬಲಗೈ ಮಿಟ್‌ನ ಹಿಂದೆ ಅಡಗುತ್ತದೆ. ಉಸಿರು ಬಿಟ್ಟು ಮೈ ಮೆತ್ತಗಾಗಿಸಿಕೊಂಡರೆ ಚೆಂಡು ಎದೆಗವಚಕ್ಕೆ ಬಡಿದು ಹತ್ತಿರವೇ ಬೀಳುತ್ತದೆ. ಬಿಗಿ ಹಿಡಿದರೆ ಗೋಡೆಗೆ ಬಡಿದಂತೆ ದೂರ ಸಿಡಿಯುತ್ತದೆ, ಓಟಗಾರನಿಗೆ ಅಷ್ಟು ದೂರವೇ ಸಾಕು. ಇಲ್ಲಿ ಕೀಪರ್‌ನ ಬುದ್ಧಿ ಮತ್ತೆ ಎದುರು ನಿಂತಿತು: ಪುಟಿದ ಚೆಂಡನ್ನು ಕಂಡರೆ ಅವನ ಕೈ ಹಿಡಿಯಲು ಹೋಗುತ್ತಿತ್ತು, ಕಾಲು ಏಳುತ್ತಿತ್ತು. ಮಿಟ್ ಅನ್ನೇ ತೆಗೆಸಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಟೆನಿಸ್ ಚೆಂಡುಗಳನ್ನು ಬರಿಯ ಎದೆಗವಚದಿಂದ ತಡೆಯುವಂತೆ ಮಾಡಿದ ಮೇಲೆಯೇ ಆ ಆಸೆ ಬಿಟ್ಟದ್ದು.

ಬೇರೆ ದೇಶದ ತರಬೇತಿ ವಿಡಿಯೊಗಳಲ್ಲಿ ಕಾಣುವ ಹದಗೊಳಿಸಿದ ನಯವಾದ ಮಣ್ಣು ನಮ್ಮಲ್ಲಿಲ್ಲ. ಮುರುಮಿನ ಗಟ್ಟಿ ನೆಲದ ಮೇಲೆ ಚೆಂಡು ಎತ್ತರಕ್ಕೆ ಪುಟಿಯುವುದರಿಂದ ಕೂತಲ್ಲೇ ಮೊಣಕಾಲೂರಿದರೆ ಅದು ಭುಜದ ಮೇಲಿಂದ ಹಾರುತ್ತದೆ. ಹಾಗಾಗಿ ಅರ್ಧ ಹೆಜ್ಜೆ ಮುಂದೆ ನುಗ್ಗಿ, ಚೆಂಡು ಮೇಲೇಳುವ ಮೊದಲೇ ಅದರ ಮೇಲೆ ಬೀಳುವುದನ್ನು ಕಲಿಸಿದೆ. ಬದಿಗೆ ಬಿದ್ದ ಚೆಂಡಿಗೆ ಅಡ್ಡಡ್ಡ ಹೋಗದೆ ಬಾಗಿದ ಗೆರೆಯಲ್ಲಿ ಮುಂದಕ್ಕೆ ಹೋಗಿ, ಎದೆಯನ್ನು ಪ್ಲೇಟ್‌ನ ಕಡೆಗೇ ತಿರುಗಿಸಿಕೊಳ್ಳಬೇಕು. ಆಗ ಚೆಂಡು ಎಲ್ಲಿಗೆ ಬಡಿದರೂ ಪ್ಲೇಟ್‌ನ ಮುಂದೆಯೇ ಉಳಿಯುತ್ತದೆ. ಅದು ತೊಗರಿ ರಾಶಿಯ ಕಾಲ. ಹುಡುಗನ ಸೋದರಮಾವ ಊರಿನಿಂದ ತೊಗರಿ ಹೊಟ್ಟು ತುಂಬಿದ ನಾಲ್ಕು ಗೋಣಿಚೀಲಗಳನ್ನು ಟಂಟಂನಲ್ಲಿ ಹಾಕಿ ಕಳಿಸಿದರು. ಅವನ್ನು ಹಾಸಿ ಅದರ ಮೇಲೆ ಬೀಳುವ ಅಭ್ಯಾಸ ಮಾಡಿಸಿದೆ. ಚೀಲಗಳನ್ನು ತೆಗೆದ ಮೇಲೂ ಅವನು ಹಿಂಜರಿಯದೆ ಬೀಳುತ್ತಿದ್ದ. ಜನವರಿ ಮಧ್ಯದ ಹೊತ್ತಿಗೆ ಹಿಂದಕ್ಕೆ ಹೋಗುವ ಚೆಂಡುಗಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿದ್ದವು.

ಮೊಣಕಾಲು

ಆ ಯಶಸ್ಸಿನ ಉತ್ಸಾಹದಲ್ಲಿ ನಾನು ಎರಡನೇ ತಪ್ಪು ಮಾಡಿದೆ. ನಮ್ಮ ಪಿಚರ್ ಜ್ವರದಿಂದ ಮಲಗಿದ್ದ ಎರಡು ವಾರ, ತೋಳು ಬಲವಾಗಿದೆ ಎಂದು ಈ ಹುಡುಗನಿಂದಲೇ ಪಿಚಿಂಗ್ ಮಾಡಿಸಿದೆ, ಅದೇ ದಿನ ಕ್ಯಾಚಿಂಗ್ ಅಭ್ಯಾಸವನ್ನೂ ಮುಂದುವರಿಸಿದೆ. ಜನವರಿ ಕೊನೆಯಲ್ಲಿ ಅವನು ಮೆಟ್ಟಿಲು ಇಳಿಯುವಾಗ ಬಲಗಾಲನ್ನು ನೇರವಾಗಿಟ್ಟು ಇಳಿಯುವುದನ್ನು ಕಂಡೆ. ಕೇಳಿದರೆ, “ಸ್ವಲ್ಪೇ ನೋಯ್ತದ್ರಿ ಸರ್, ಆಡ್ತೀನ್ರಿ” ಎಂದ. ಮೊಣಕಾಲಿನ ಚಿಪ್ಪಿನ ಕೆಳಗೆ, ಮುಂಗಾಲ ಮೂಳೆಯ ಮೇಲ್ತುದಿಯಲ್ಲಿ ಮುಟ್ಟಿದರೆ ನೋಯುವ ಒಂದು ಉಬ್ಬು ಎದ್ದಿತ್ತು. ಎಲುಬಿನ ಡಾಕ್ಟರ್ ನೋಡಿ ಆಸ್‌ಗುಡ್-ಶ್ಲಾಟರ್ ಎಂದರು. ಹುಡುಗರು ಸರಸರನೆ ಎತ್ತರಕ್ಕೆ ಬೆಳೆಯುವ ವಯಸ್ಸಿನಲ್ಲಿ, ತೊಡೆಯ ಸ್ನಾಯುವಿನ ಎಳೆತ ಇನ್ನೂ ಗಟ್ಟಿಯಾಗದ ಮೂಳೆಯ ಬೆಳವಣಿಗೆಯ ಜಾಗದ ಮೇಲೆ ಮತ್ತೆ ಮತ್ತೆ ಬಿದ್ದಾಗ ಬರುವ ನೋವು ಇದು. ಕೂತು ಏಳುವುದು, ಜಿಗಿಯುವುದು, ಮೊಣಕಾಲೂರುವುದು, ಮೂರೂ ಇದನ್ನು ಹೆಚ್ಚಿಸುತ್ತವೆ. ಕ್ಯಾಚರ್‌ನ ಕೆಲಸ ಎಂದರೆ ಇವೇ.

ಅಮೆರಿಕದ ಮಕ್ಕಳ ಬೇಸ್‌ಬಾಲ್ ಸಂಸ್ಥೆಯಾದ ಲಿಟಲ್ ಲೀಗ್‌ನಲ್ಲಿ ಈ ಬಗ್ಗೆ ಸ್ಪಷ್ಟ ನಿಯಮವಿದೆ: ಒಂದು ದಿನ 41 ಅಥವಾ ಹೆಚ್ಚು ಎಸೆತಗಳನ್ನು ಎಸೆದ ಪಿಚರ್ ಆ ದಿನ ಮತ್ತೆ ಕ್ಯಾಚರ್ ಆಗುವಂತಿಲ್ಲ, ನಾಲ್ಕು ಅಥವಾ ಹೆಚ್ಚು ಇನ್ನಿಂಗ್ಸ್ ಕ್ಯಾಚರ್ ಆಗಿದ್ದವನು ಆ ದಿನ ಪಿಚಿಂಗ್ ಮಾಡುವಂತಿಲ್ಲ. 13-14 ವಯಸ್ಸಿನವರಿಗೆ ದಿನಕ್ಕೆ 95 ಎಸೆತಗಳ ಮಿತಿಯಿದೆ, 66 ಅಥವಾ ಹೆಚ್ಚು ಎಸೆದರೆ ನಾಲ್ಕು ದಿನ ವಿಶ್ರಾಂತಿ ಕೊಡಬೇಕು. ಈ ಅಂಕಿಗಳು ತೋಳನ್ನು ಕಾಯಲು ಇರುವವು. ಕ್ಯಾಚರ್‌ನ ಮೊಣಕಾಲಿಗೂ ಅಂಥದ್ದೊಂದು ಲೆಕ್ಕ ಬೇಕೆಂದು ನಾನು ನೋವು ಬಂದ ಮೇಲೆ ಬರೆದಿಡತೊಡಗಿದೆ. ಮೊದಲೇ ಬರೆದಿಟ್ಟಿದ್ದರೆ ಹುಡುಗ ಆರು ವಾರ ಹೊರಗೆ ಕೂರಬೇಕಾಗಿರಲಿಲ್ಲ.

ಆ ಆರು ವಾರ ಅವನು ಸುಮ್ಮನೆ ಕೂರಲಿಲ್ಲ. ಕುರ್ಚಿಯ ಮೇಲೆ ಕುಳಿತು ಹಿಡಿಯುವ ಅಭ್ಯಾಸ ಮಾಡಿದ, ಡಾಕ್ಟರ್ ಹೇಳಿಕೊಟ್ಟಂತೆ ತೊಡೆಯ ಸ್ನಾಯುಗಳನ್ನು ಎಳೆಯುವ ವ್ಯಾಯಾಮ ಮಾಡಿದ, ಉಳಿದ ಹೊತ್ತು ನನ್ನ ಪಕ್ಕದಲ್ಲಿ ಕುಳಿತು ಆಟ ಓದುವುದನ್ನು ಕಲಿತ. ಮೈದಾನದಲ್ಲಿರುವ ಒಂಬತ್ತು ಮಂದಿಯಲ್ಲಿ ಉಳಿದ ಎಂಟು ಮಂದಿಗೆ ಎದುರಾಗಿ ಕುಳಿತು ಇಡೀ ಆಟವನ್ನು ಕಾಣುವವನು ಕ್ಯಾಚರ್ ಒಬ್ಬನೇ. ಎಷ್ಟು ಮಂದಿ ಔಟಾಗಿದ್ದಾರೆ, ಚೆಂಡು ಎಲ್ಲಿಗೆ ಹೋದರೆ ಯಾವ ಬೇಸ್‌ಗೆ ಎಸೆಯಬೇಕು ಎಂದು ಕೂಗಿ ಹೇಳುವ ಅಧಿಕಾರ ಅವನದು. ಓಣಿಯಲ್ಲಿ ಹಿರಿಯ ಹುಡುಗರ ನಡುವೆ ಆಡಿ ಬೆಳೆದ, ಮೆಲುಮಾತಿನ ಈ ಹುಡುಗನಿಗೆ ಹತ್ತನೇ ತರಗತಿಯವರಿಗೆ ಕೂಗಿ ಹೇಳುವುದೇ ದೊಡ್ಡ ಸಂಕೋಚವಾಗಿತ್ತು. ಕುರ್ಚಿಯ ಮೇಲೆ ಕುಳಿತು ಕೂಗುತ್ತ ಕೂಗುತ್ತ ಅದು ಹೋಯಿತು.

ಮತ್ತೆ ಎಸೆತ

ಶರಣಬಸವೇಶ್ವರರ ಜಾತ್ರೆ ಕಳೆದ ಮೇಲೆ, ಮಾರ್ಚ್‌ನಲ್ಲಿ, ಡಾಕ್ಟರ್ ಒಪ್ಪಿಗೆ ಕೊಟ್ಟರು. ಬೇಸ್ ಖಾಲಿ ಇರುವಾಗ ಒಂದು ಮೊಣಕಾಲನ್ನು ನೆಲಕ್ಕೆ ಊರಿ ಕೂರುವ ರೀತಿ ಇತ್ತೀಚಿನ ವರ್ಷಗಳಲ್ಲಿ ಮೇಜರ್ ಲೀಗ್‌ನಲ್ಲಿ ವ್ಯಾಪಕವಾಗಿದೆ. ನೋವಿಲ್ಲದ ಎಡಮೊಣಕಾಲನ್ನು ಊರುವ ಆ ಭಂಗಿ ಅವನಿಗೆ ಹಗುರವೆನಿಸಿತು. ಏಪ್ರಿಲ್‌ನಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಮಾಸ್ಕ್, ಎದೆಗವಚ, ಪ್ಯಾಡುಗಳ ಒಳಗೆ ಕೂತವನಿಗೆ ಅದು ಇನ್ನೂ ಹೆಚ್ಚು. ಬೆಳಿಗ್ಗೆ ಆರಕ್ಕೆ ಆರಂಭಿಸಿ ಏಳೂವರೆಗೆ ನಿಲ್ಲಿಸುತ್ತಿದ್ದೆವು, ನಡುವೆ ಎರಡು ಸಲ ಉಪ್ಪು ಹಾಕಿದ ಮಜ್ಜಿಗೆ.

ಎಸೆತವನ್ನು ಈ ಸಲ 127 ಅಡಿಯಿಂದ ಆರಂಭಿಸಲಿಲ್ಲ. ಲಿಟಲ್ ಲೀಗ್‌ನಲ್ಲಿ 11ರಿಂದ 13 ವಯಸ್ಸಿನವರಿಗೆ 70 ಅಡಿಯ ಬೇಸ್‌ಗಳ ಒಂದು ವಿಭಾಗವಿದೆ, ಅದರಲ್ಲಿ ಎರಡನೇ ಬೇಸ್ ಸುಮಾರು 99 ಅಡಿ. ಅಷ್ಟು ದೂರದಿಂದ, ಸ್ಟಾಪ್‌ವಾಚ್ ಇಲ್ಲದೆ, ಮೂರೇ ವಿಷಯಗಳನ್ನು ನೋಡಿದೆವು: ಚೆಂಡನ್ನು ಮಿಟ್‌ನಿಂದ ಬಲಗೈಗೆ ಎದೆಯ ಹತ್ತಿರವೇ ತೆಗೆದುಕೊಳ್ಳುವುದು, ಬೆರಳುಗಳನ್ನು ಹೊಲಿಗೆಗೆ ಅಡ್ಡಲಾಗಿ ಇಡುವುದು, ಬಲಗಾಲನ್ನು ಚಿಕ್ಕದಾಗಿ ಮುಂದಿಟ್ಟು ಎಡಭುಜವನ್ನು ಗುರಿಗೆ ತಿರುಗಿಸುವುದು. ಎತ್ತರಕ್ಕೆ ತೂರಿದ ಚೆಂಡಿಗಿಂತ ಒಂದು ಸಲ ಪುಟಿದು ಬೇಸ್‌ಗೆ ನೇರ ಹೋಗುವ ಚೆಂಡು ಬೇಗ ಮುಟ್ಟುತ್ತದೆ ಎಂಬುದು ಅವನಿಗೆ ತಾನಾಗಿ ತಿಳಿಯಿತು. ಚೆಂಡನ್ನು ಕೊನೆಯವರೆಗೂ ನೋಡಿ, ಹಿಡಿದು, ಆಮೇಲೆ ಏಳುತ್ತಿದ್ದ ಹುಡುಗನಿಗೆ ಪೂರ್ತಿ ದೂರಕ್ಕೆ ಎಸೆಯುವುದು ಮೇ ತಿಂಗಳಲ್ಲಿ ಕಷ್ಟವಾಗಲಿಲ್ಲ. ಅವನ ಪಾಪ್ ಟೈಮ್ ಎರಡೂವರೆ ಸೆಕೆಂಡಿನ ಸುತ್ತ ನಿಂತಿತು, ಅವನ ವಯಸ್ಸಿಗೆ ಅದರಿಂದ ನನಗೆ ತೃಪ್ತಿಯಿದೆ.

ಓಟಗಾರರು ಆಗಲೂ ಕದಿಯುತ್ತಿದ್ದರು. ಮತ್ತೆ ವಿಡಿಯೊ ನೋಡಿದಾಗ, ಆಗಸ್ಟ್‌ನ ಸೋಲಿನ ಕಾರಣ ಪೂರ್ಣವಾಗಿ ಬಯಲಾಯಿತು. ಬೇಸ್ ಕದಿಯುವುದನ್ನು ತಡೆಯುವ ಕಾಲದಲ್ಲಿ ಎರಡು ಪಾಲುಗಳಿರುತ್ತವೆ: ಪಿಚರ್ ಕಾಲೆತ್ತಿದ ಕ್ಷಣದಿಂದ ಚೆಂಡು ಮಿಟ್ ಮುಟ್ಟುವವರೆಗಿನದು ಒಂದು, ಕ್ಯಾಚರ್‌ನದು ಇನ್ನೊಂದು. ಉನ್ನತ ಮಟ್ಟದಲ್ಲಿ ಪಿಚರ್ ತನ್ನ ಪಾಲನ್ನು ಸುಮಾರು 1.3 ಸೆಕೆಂಡಿನಲ್ಲಿ ಮುಗಿಸುತ್ತಾನೆ. ನಮ್ಮ ಪಿಚರ್ ಕಾಲನ್ನು ಎದೆಯವರೆಗೂ ಎತ್ತಿ, ಎರಡು ಸೆಕೆಂಡಿನ ಹತ್ತಿರ ತೆಗೆದುಕೊಳ್ಳುತ್ತಿದ್ದ. ಓಟಗಾರನಿಗೆ ಬೇಸ್ ಸಿಗುತ್ತಿದ್ದದ್ದು ಅಲ್ಲಿ. ಕ್ಯಾಚರ್‌ನ ತೋಳು ಎಷ್ಟೇ ಬಲವಾಗಿದ್ದರೂ ಆ ಕಾಲವನ್ನು ಮರಳಿ ತರಲಾಗುತ್ತಿರಲಿಲ್ಲ. ಎರಡು ತಿಂಗಳು ನಾನು ಒಬ್ಬನ ತೋಳಿನಲ್ಲಿ ಹುಡುಕಿದ ದೋಷ ಇನ್ನೊಬ್ಬನ ಕಾಲಿನಲ್ಲಿತ್ತು. ಇದನ್ನು ಕ್ಯಾಚರ್ ಹುಡುಗನಿಗೆ ವಿಡಿಯೊದೊಂದಿಗೆ ತೋರಿಸಿ ಹೇಳುವುದು ನನ್ನ ಕರ್ತವ್ಯವೆನಿಸಿತು, ಏಕೆಂದರೆ ಆ ಸೋಲನ್ನು ಅವನು ವರ್ಷದುದ್ದಕ್ಕೂ ತನ್ನದೆಂದೇ ಹೊತ್ತಿದ್ದ. ಈಗ ಪಿಚರ್ ಕಾಲೆತ್ತುವುದನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿದ್ದೇವೆ. ಜೂನ್‌ನಲ್ಲಿ ಆಡಿದ ಎರಡು ಸ್ನೇಹ ಪಂದ್ಯಗಳಲ್ಲಿ ಎದುರಾಳಿಗಳು ಮೊದಲಿನಷ್ಟು ಧೈರ್ಯದಿಂದ ಓಡಲಿಲ್ಲ. ಎರಡನೇ ಪಂದ್ಯದಲ್ಲಿ ಹುಡುಗ ಒಬ್ಬನನ್ನು ಎರಡನೇ ಬೇಸ್‌ನಲ್ಲಿ ಔಟ್ ಮಾಡಿದ.

ಇನ್ನೂ ಬಾರದ ಕೆಲಸಗಳಿವೆ. ಪ್ಲೇಟ್‌ನ ಹಿಂದೆ ನೇರ ಮೇಲಕ್ಕೆ ಎದ್ದ ಚೆಂಡು ಸುತ್ತುತ್ತ ಮೈದಾನದ ಕಡೆಗೆ ಬಾಗಿ ಬರುತ್ತದೆ, ಆದ್ದರಿಂದ ಅದಕ್ಕೆ ಬೆನ್ನನ್ನು ಮೈದಾನದ ಕಡೆ ತಿರುಗಿಸಿ ನಿಲ್ಲಬೇಕು. ಅವನು ಇನ್ನೂ ಕ್ರಿಕೆಟ್‌ನಂತೆ ಅದರ ಕೆಳಗೇ ಹೋಗಿ ನಿಂತು ಕೊನೆಗೆ ಮುಂದಕ್ಕೆ ಓಡುತ್ತಾನೆ. ಮೂರನೇ ಬೇಸ್‌ಗೆ ಎಸೆಯುವಾಗ ಬಲಗೈ ಬ್ಯಾಟ್ಸ್‌ಮನ್ ಅಡ್ಡ ಬಂದರೆ ಅವನ ಹಿಂದಿನಿಂದ ಹೆಜ್ಜೆಯಿಡಬೇಕೋ ಮುಂದಿನಿಂದಲೋ ಎಂಬ ನಿರ್ಧಾರದಲ್ಲಿ ತಡವರಿಸುತ್ತಾನೆ. ಮೊಣಕಾಲಿನ ಉಬ್ಬು ಹಾಗೇ ಇದೆ, ನೋವಿಲ್ಲ. ಬಾರದ ಆ ಎರಡು ಕೆಲಸಗಳನ್ನೂ ಮಳೆ ನಿಂತ ಮೇಲೆ, ಎರೆ ಆರಿದ ನಂತರ ಹಿಡಿಯುತ್ತೇವೆ. ಅಲ್ಲಿಯವರೆಗೆ ಅವನು ಎಂಟನೇ ತರಗತಿಯ ಒಬ್ಬ ಹುಡುಗನಿಗೆ ಮಾಸ್ಕ್ ತೊಡಿಸಿ, ಬೇವಿನ ಮರದ ಕೆಳಗೆ ಚುಕ್ಕೆಯಿಟ್ಟ ಟೆನಿಸ್ ಚೆಂಡುಗಳನ್ನು ಹತ್ತು ಹೆಜ್ಜೆಯಿಂದ ಎಸೆಯುತ್ತಿದ್ದಾನೆ, ಆ ಹುಡುಗ ಒಂದೊಂದಕ್ಕೂ ಬಣ್ಣ ಕೂಗುತ್ತಿದ್ದಾನೆ.